ನೀಲಾ ಅಳಿಸಿದ ಸದ್ದು

"ಐವತ್ತು ಕಾಪಿ ಬೇಕ್ರಿ. ಆದ್ರ ಒಂದ್ ಮಾತು... ನೀವು ಇದನ್ನ ಕೇಳಬ್ಯಾಡ್ರಿ!"

ನೀಲಾ ತಲೆಯೆತ್ತಿ ನೋಡಿದಳು.

ಕೌಂಟರಿನ ಆಚೆ ನಿಂತವನು ನೆತ್ತಿಯಿಂದ ಚಪ್ಪಲಿವರೆಗೆ ಕೆಂಪು. ಕೂದಲು ಕೆಂಪು, ಅಂಗಿ ಕೆಂಪು, ಕಣ್ಣಿನ ರೆಪ್ಪೆ ಕೂಡ ಕೆಂಪು! 2007ರ ಹೊಸಪೇಟೆಯಲ್ಲಿ ಇದೇನು ವಿಶೇಷವಲ್ಲ ಬಿಡಿ. ಸಂಡೂರಿನ ಬಸ್ಸಿಳಿದವರೆಲ್ಲ ಗಣಿಯ ಅದಿರಿನ ಧೂಳು ಮೆತ್ತಿಕೊಂಡೇ ಇಳಿಯುತ್ತಿದ್ದರು. ಆದರೆ ಈ ಕೆಂಪಿನ ನಡುವೆ ಎರಡು ಕಣ್ಣು ಮಾತ್ರ ಫಳಫಳ ಹೊಳೆಯುತ್ತ, ರಿಸಲ್ಟಿಗೆ ಕಾಯುವ ಹುಡುಗನ ಹಾಗೆ ಅವಳನ್ನೇ ನೋಡುತ್ತಿದ್ದವು.

"ಕೇಳದಂಗ ಕಾಪಿ ಹೆಂಗ್ ಮಾಡ್ಲಿ? ಸರಿ ಬಂದೈತೋ ಇಲ್ಲೋ ನೋಡಬೇಕಲ್ರಿ," ಎಂದಳು ನೀಲಾ.

"ಸರಿ ಬಂದಿರತೈತಿ ಬಿಡ್ರಿ. ಇಲ್ಲೀತನಕ ಕೇಳಿದೋರೆಲ್ಲಾ ನಕ್ಕಾರ. ನೀವೂ ನಕ್ಕರ..."

"ನಾ ನಕ್ಕರ ಏನಾಗತೈತಿ?"

ಅವನು ಕೌಂಟರಿನ ಮೇಲೆ ಒಂದು ಸಿಡಿ ಇಟ್ಟ. "ಬುಧವಾರ ಬರ್ತೀನ್ರಿ," ಎಂದವನೇ ಹೊರಟೇ ಹೋದ!

ಸಿಡಿ ಮೇಲೆ ಮಾರ್ಕರ್ ಪೆನ್ನಿನಲ್ಲಿ ಬರೆದಿತ್ತು: 'ಲೋಡ್. ಹಾಲೇಶ್, ಚೋರನೂರು.'

ಈಗ ನೀವೇ ಹೇಳಿ, ಕೇಳಬೇಡ ಅಂದಮೇಲೆ ಕೇಳದೆ ಇರುವ ಹೆಣ್ಣು ಈ ತುಂಗಭದ್ರೆಯ ದಂಡೆಯಲ್ಲಿ ಎಂದಾದರೂ ಹುಟ್ಟಿದ್ದಾಳೆಯೇ?

ಅದೂ ನೀಲಾ! ಪೂರ್ತಿ ಹೆಸರು ನೀಲಗಂಗಾ. ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಅವಳದೇ ಒಂದು ಪುಟ್ಟ ಅಂಗಡಿ, 'ನಾದ ಆಡಿಯೋ'. ಹಳೇ ಕ್ಯಾಸೆಟ್‌ಗಳನ್ನು ಸಿಡಿಗೆ ಹಾಕಿಕೊಡುವುದು ಅವಳ ಕೆಲಸ. ತೀರಿಹೋದ ಅಜ್ಜನ ಭಜನೆ, ಇಪ್ಪತ್ತು ವರ್ಷದ ಹಿಂದಿನ ಸೋಬಾನೆ ಪದ, ಏನೇ ತಂದರೂ ಅದರೊಳಗಿನ ಕರಕರ, ಗುಂಯ್ ಎನ್ನುವ ಸದ್ದನ್ನೆಲ್ಲ ಕಂಪ್ಯೂಟರಿನಲ್ಲಿ ಹುಡುಕಿ ತೆಗೆದು, ಧ್ವನಿಯನ್ನು ಮಾತ್ರ ಉಳಿಸಿಕೊಡುತ್ತಿದ್ದಳು. ಅದರಲ್ಲಿ ಹೊಸಪೇಟೆಗೆಲ್ಲ ಅವಳ ಹೆಸರು. ಅವಳಿಗೂ ಆ ಬಗ್ಗೆ ಸ್ವಲ್ಪ ಜಂಬವಿತ್ತು ಅನ್ನಿ!

ಶಟರ್ ಅರ್ಧ ಎಳೆದು, ಹೆಡ್‌ಫೋನ್ ಹಾಕಿಕೊಂಡು ಸಿಡಿ ಒತ್ತಿದಳು.

ಧಡ್... ಧಡ್... ಕ್ರೀಈಈಚ್... ಘರ್ ಘರ್ ಘರ್...

"ಅಯ್ಯ ಶಿವನ!" ಹೆಡ್‌ಫೋನ್ ಕಿತ್ತೆಸೆದಳು.

ಎರಡನೆಯ ಹಾಡು ಹಾಕಿದಳು. ಅದೂ ಹಾಗೆಯೇ. ಒಂಬತ್ತಕ್ಕೆ ಒಂಬತ್ತೂ ಹಾಗೆಯೇ! ಕಲ್ಲು ಅರೆದಂತೆ, ತಗಡು ಎಳೆದಂತೆ, ಯಾವುದೋ ಕಬ್ಬಿಣ ನೋವಿನಿಂದ ನರಳಿದಂತೆ.

'ಪಾಪ... ಎಷ್ಟು ಆಸೆಯಿಂದ ತಂದಿದ್ದಾನೆ. ರೆಕಾರ್ಡಿಂಗ್ ಪೂರಾ ಹಾಳಾಗಿದೆ, ಅವನಿಗೆ ಗೊತ್ತೇ ಇಲ್ಲ! ಅದಕ್ಕೇ ಎಲ್ಲರೂ ನಕ್ಕಿದ್ದಾರೆ. ಇದರ ಕೆಳಗೆ ಎಲ್ಲೋ ಅವನ ಹಾಡಿದೆ. ನಾನು ತೆಗೆದುಕೊಡುತ್ತೇನೆ...'

ಹಾಗಂದುಕೊಂಡವಳು ಮೂರು ದಿನ ಬೇರೆ ಗಿರಾಕಿಗಳ ಕೆಲಸ ಮುಟ್ಟಲಿಲ್ಲ. ಮೊದಲು ಘರ್ ಅನ್ನುವುದನ್ನು ತೆಗೆದಳು. ಆಮೇಲೆ ಧಡ್ ಅನ್ನುವುದನ್ನು. ನಾಲ್ಕನೇ ಹಾಡಿನ ಉದ್ದಕ್ಕೂ ಕಿರಿಕ್ ಕಿರಿಕ್ ಎಂದು ಪ್ರಾಣ ತಿನ್ನುತ್ತಿದ್ದ ಒಂದು ಸಣ್ಣ ಸದ್ದಿತ್ತು. ಅದನ್ನಂತೂ ಹಲ್ಲು ಕಚ್ಚಿ, ಬೇರುಸಮೇತ ಕಿತ್ತಳು.

ಎಲ್ಲ ತೆಗೆದ ಮೇಲೆ ಉಳಿದದ್ದೇನು? ತೆಳ್ಳಗೆ ಒಂದು 'ಹೂಂ...' ಅಷ್ಟೇ. ಹಾಡು ಸಿಗಲಿಲ್ಲ.

'ಓಹೋ, ಇದು ಧ್ಯಾನದ ಸಂಗೀತ ಇರಬೇಕು,' ಎಂದು ಖುಷಿಯಾಗಿ ಐವತ್ತು ಕಾಪಿ ಹೊಡೆದಿಟ್ಟಳು!

ಬುಧವಾರ ಬಂದ ಹಾಲೇಶ್ ಸಂಡೂರಿನ ಬಸ್ಸು ಹಿಡಿಯುವ ಅವಸರದಲ್ಲಿದ್ದ. ಕಟ್ಟನ್ನು ಎದೆಗವಚಿಕೊಂಡು, "ನಗಲಿಲ್ಲ ತಾನ?" ಎಂದು ಕೇಳಿದ. "ಒಂದ್ ಚೂರೂ ಇಲ್ರಿ," ಎಂದಳು. ಅವನು ನಕ್ಕ ನಗುವಿಗೆ ನೀಲಾ ಕಾಸು ಎಣಿಸಿಕೊಳ್ಳುವುದನ್ನೇ ಮರೆತಳು.

ಎಂಟು ದಿನ ಕಳೆಯಿತು. ಮತ್ತೆ ಬಂದ!

ಈ ಸಲ ಮೈಮೇಲೆ ಧೂಳಿಲ್ಲ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಮೈಸೂರ್‌ಪಾಕಿನ ಡಬ್ಬಿ. ನೋಡಲು ಇಷ್ಟು ಲಕ್ಷಣವಾಗಿದ್ದಾನಾ ಇವನು!

"ಬಾಯಿ ಸಿಹಿ ಮಾಡ್ಕೊಳ್ರಿ ಮೊದಲು," ಎಂದ ಹಾಲೇಶ್. "ಮಂದಿ ಏನಂದಾರ ಗೊತ್ತೇನು? ನಾ ಸಂಡೂರು ರೋಡಿನ ವೇಬ್ರಿಡ್ಜ್‌ನ್ಯಾಗ ಲಾರಿ ತೂಗೋನ್ರಿ. ಬರೋ ಡ್ರೈವರ್‌ಗಳಿಗೇ ನಲವತ್ತು ಹಂಚಿದೆ. ಪಕ್ಕೀರಪ್ಪ ಅಂತ ಒಬ್ಬ ಅದಾನ, ಎಲ್ಲಾದಕ್ಕೂ ಬಯ್ಯೋ ಮನಶ್ಯಾ. ಅವನೂ 'ಹಾಲೇಶಾ, ನಿನ್ನ ಸಿಡಿ ಹಾಕಿದ್ರ ತಲಿ ತಣ್ಣಗಾಗತೈತಿ' ಅಂದ!"

"ಹೌದ?"

"ನಮ್ಮ ರೂಮಿನ ಓನರ್ ಹಂಪಕ್ಕ ಮೊಮ್ಮಗಳನ್ನ ಮಲಗಸಾಕ ದಿನಾ ಹಾಕ್ತಾಳ. ಚಾದಂಗಡಿ ಪಾಲಪ್ಪ 'ಭಾಳ ನೆಮ್ಮದಿ ಐತಿ ಇದರಾಗ' ಅಂತಾನ. ಮೂರು ವರ್ಷ ಮಾಡೀನ್ರಿ ಇದನ್ನ. ಕ್ರಷರ್ ಸದ್ದು, ಲಾರಿ ಗೇರು, ಕಂಪ್ಲಿ ರೈಸ್ ಮಿಲ್ಲು, ಮೆಟ್ರಿ ಕಾಲುವೆ ಗೇಟು... ಒಂದೊಂದ ರೆಕಾರ್ಡ್ ಮಾಡಿ, ಕಂಪ್ಯೂಟರ್‌ನ್ಯಾಗ ಎಳದು, ಕತ್ತರಿಸಿ, ಜೋಡಿಸಿ... ನಗ್ತಾರಂತ ಅಂಜಿ ನಾ ಒಂದೂ ಕಾಪಿ ಹಾಕಿ ಕೇಳಿಲ್ಲ. ಆದ್ರ ಮೊದಲನೇ ಸಲ ಯಾರೂ ನಗಲಿಲ್ರಿ!"

ನೀಲಾಳ ಕೈಯಲ್ಲಿದ್ದ ಮೈಸೂರ್‌ಪಾಕು ಬಾಯಿಯ ಹತ್ತಿರವೇ ನಿಂತಿತು.

'ಸದ್ದನ್ನ... ಬೇಕಂತಲೇ... ಮಾಡಿದ್ದಾ?'

ಸುಮ್ಮನಿದ್ದರೆ ಅವನಿಗೆ ಗೊತ್ತಾಗುತ್ತಿರಲಿಲ್ಲವೇನೋ. ಆದರೆ ಆ ಹೊಳೆಯುವ ಕಣ್ಣುಗಳಿಗೆ ಸುಳ್ಳು ಹೇಳುವುದು ಅವಳಿಂದ ಆಗಲಿಲ್ಲ.

"ನಾನು... ಬ್ಯಾರೆ ಕೆಲಸ ಬಿಟ್ಟು ಮೂರು ದಿನ ಅದನ್ನ ಸ್ವಚ್ಛ ಮಾಡಿದೆ ರೀ," ಎಂದಳು ಸಣ್ಣ ದನಿಯಲ್ಲಿ.

"ಏನು ಸ್ವಚ್ಛ?"

ಅವಳು ತನಗೆಂದು ಇಟ್ಟುಕೊಂಡಿದ್ದ ಒಂದು ಕಾಪಿ ಹಾಕಿದಳು. ಹೂಂ... ಅಂಗಡಿ ತುಂಬ ಅದೊಂದೇ. ಹಾಲೇಶ್ ಮೊದಲು ಸ್ಪೀಕರ್ ಕೆಟ್ಟಿದೆ ಎಂದುಕೊಂಡ. ಆಮೇಲೆ ಅವಳ ಮುಖ ನೋಡಿದ. ನಿಧಾನವಾಗಿ ಅವನ ಮುಖದ ನಗು ಇಳಿಯಿತು.

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಹಾಗಾಗಿತ್ತು ಅವನ ಸ್ಥಿತಿ.

"ಅಂದ್ರ ಅವರು ಹೊಗಳಿದ್ದು... ನಾ ಇಲ್ಲದ್ದನ್ನ," ಎಂದ.

"ಹಾಡು ಕೆಳಗ ಐತಿ ಅನ್ಕೊಂಡೆ ರೀ... ನಿಮಗ ಒಳ್ಳೇದಾಗ್ಲಿ ಅಂತ..."

"ನಿಮ್ಮದೇನು ತಪ್ಪಿಲ್ಲ ಬಿಡ್ರಿ. ಅಷ್ಟೂ ತೆಗೆದು ಒಗೆದ್ರನ ಮಂದಿಗೆ ಚಲೋ ಅನಿಸ್ತೈತಿ ಅಂದ್ರ, ನಾ ಮಾಡಿದ್ದಕ್ಕ ಏನರ್ಥ? ನನ್ನ ಸಿಡಿ ನಿಮ್ಮ ಹತ್ರಾನ ಇರ್ಲಿ. ನಾ ಇನ್ನ ಮಾಡಂಗಿಲ್ಲ."

ಬಯ್ಯಲಿಲ್ಲ, ಕೂಗಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು! ಅವನು ಹೋದ ಮೇಲೆ ನೀಲಾ ಅತ್ತಳು. ಮೂರು ಭೇಟಿಯ ಪರಿಚಯಕ್ಕೆ ಇಷ್ಟು ಅಳುವೇ ಎಂದು ತನ್ನನ್ನೇ ಬೈದುಕೊಂಡು, ಮತ್ತೂ ಅತ್ತಳು.

'ಒಂದು ಸಲ... ಅವನು ಮಾಡಿದ ಹಾಗೆಯೇ ಕೇಳುತ್ತೇನೆ.'

ಮಾರನೇ ದಿನ ಅವನ ಸಿಡಿಯನ್ನು ಅಂಗಡಿಯ ದೊಡ್ಡ ಸ್ಪೀಕರಿಗೆ ಹಾಕಿದಳು. ಎರಡು ನಿಮಿಷಕ್ಕೆ ಎದುರಿನ ಹೂವಿನ ತಾಯಕ್ಕ ಬುಟ್ಟಿ ಬಿಟ್ಟು ಓಡಿಬಂದಳು.

"ಏನ್ ಸುಟ್ಟತವ್ವಾ? ಮೇನ್ ಆಫ್ ಮಾಡು ಮೊದಲು!"

"ಏನೂ ಸುಟ್ಟಿಲ್ಲ ತಾಯಕ್ಕ. ಇದು ಸಂಗೀತ."

ತಾಯಕ್ಕ ಅವಳ ಹಣೆ ಮುಟ್ಟಿ ನೋಡಿದಳು. "ಜ್ವರ ಇಲ್ಲ," ಎಂದು ತನಗೆ ತಾನೇ ಹೇಳಿಕೊಂಡು ಹೋದಳು. ಭಜನೆ ಕ್ಯಾಸೆಟ್ ತಂದಿದ್ದ ಗಿರಾಕಿಯೊಬ್ಬ ಬಾಗಿಲಿನಿಂದಲೇ ತಿರುಗಿದ. ನಿಜ ಹೇಳಬೇಕೆಂದರೆ ನೀಲಾಳಿಗೂ ತಲೆ ಸಿಡಿಯುತ್ತಿತ್ತು. ಎರಡನೇ ಸಲ ಹಾಕಿದಾಗ ಸಿಟ್ಟೇ ಬಂತು. 'ಯಾಕೆ ಹೀಗೆ ಮಾಡುತ್ತಾನೆ? ಒಂದು ಕೊಳಲೋ ತಬಲಾನೋ ಹಾಕಿದ್ದರೆ ಏನು ಗಂಟು ಹೋಗುತ್ತಿತ್ತು!'

ಭಾನುವಾರ. ಅಪ್ಪನ ಮಿಲ್ಲಿಗೆ ರಜೆ.

ಅಪ್ಪ ಕೊಟ್ರಯ್ಯ ಕಂಪ್ಲಿಯ ರೈಸ್ ಮಿಲ್ಲೊಂದರಲ್ಲಿ ಮೂವತ್ತು ವರ್ಷದಿಂದ ಫಿಟ್ಟರ್. ಮಗಳಿಗೆ ಊಟದ ಡಬ್ಬಿ ತಂದವರು ಬಾಗಿಲಲ್ಲೇ ನಿಂತುಬಿಟ್ಟರು.

"ಏನದು, ನೀಲಾ?"

"ಬಂದ್ ಮಾಡ್ಲೇನಪಾ?"

"ತಡಿ ತಡಿ!"

ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದರು. ತುದಿಯನ್ನು ಸ್ಪೀಕರ್ ಡಬ್ಬಿಗೆ ಒತ್ತಿ, ಹಿಡಿಯನ್ನು ಕಿವಿಗಿಟ್ಟುಕೊಂಡರು. ಮಿಲ್ಲಿನಲ್ಲಿ ಯಾವ ಬೇರಿಂಗ್ ಕೆಟ್ಟಿದೆ ಎಂದು ಅವರು ಹುಡುಕುವುದೇ ಹೀಗೆ. ವೈದ್ಯರು ಎದೆ ನೋಡುವ ಹಾಗೆ! ನೀಲಾಳಿಗೆ ತಲೆನೋವಿನ ನಡುವೆಯೂ ನಗು ಬಂತು.

ಅಪ್ಪ ಕಣ್ಣು ಮುಚ್ಚಿದ್ದರು. ನಾಲ್ಕನೇ ಹಾಡು ನಡೆಯುತ್ತಿತ್ತು.

"ಭತ್ತ ಮ್ಯಾಲ ಒಯ್ಯೋ ಎಲಿವೇಟರ್ ಇದು. ನಮ್ಮ ಮಿಲ್ಲಿಂದಲ್ಲ, ಆದ್ರ ಅದ ಜಾತೀದು. ಬಕೆಟ್ಟಿನ ಒಂದ್ ಬೋಲ್ಟ್ ಸಡ್ಲ ಆಗೈತಿ, ಕಿರಿಕ್ ಕಿರಿಕ್ ಅಂತೈತಿ ನೋಡು. ನಾನಾಗಿದ್ರ ಟೈಟ್ ಮಾಡಿಬಿಡ್ತಿದ್ದೆ. ಈ ಹುಡುಗ... ಆ ಸಡಿಲನ್ನ ತಾಳ ಮಾಡ್ಯಾನ! ಯಾರವ್ವ ಇವನು?"

"ನನಗ ಬರೇ ಗದ್ದಲ ಕೇಳಸ್ತೈತಪ್ಪಾ."

"ಎಲ್ಲಾ ಒಮ್ಮಿಗೇ ಕೇಳಾಕ ಹೋದ್ರ ಗದ್ದಲಾನ. ನಾನೂ ಮಿಲ್ಲಿಗೆ ಹೋದ ಹೊಸದಾಗಿ ಕಿವಿ ಮುಚ್ಕೊಂಡು ಓಡಿಬಂದೋನ. ಒಂದ ಸದ್ದು ಹಿಡಕೋ. ಅದರ ಕೈ ಬಿಡಬ್ಯಾಡ. ಅದು ಎಲ್ಲಿ ಹೋಗತೈತಿ, ಅದರ ಹಿಂದ ಹೋಗು."

ನೀಲಾ ಆ ಕಿರಿಕ್ ಸದ್ದನ್ನೇ ಹಿಡಿದಳು. ತಾನು ಹಲ್ಲು ಕಚ್ಚಿ ಕಿತ್ತುಹಾಕಿದ್ದ ಅದೇ ಸದ್ದು.

ಮೊದಲು ಅದೊಂದೇ ನಡೆಯಿತು. ಆಮೇಲೆ ಪಕ್ಕಕ್ಕೆ ದೊಡ್ಡದೊಂದು ಬಂತು. ಇನ್ನೊಂದು ಬಂತು. ಒಂದರ ಮೇಲೊಂದು ಭಾರ ಹೇರಿಕೊಳ್ಳುತ್ತ, ಏದುಸಿರು ಬಿಡುತ್ತ ಎಲ್ಲವೂ ಮೇಲೆ, ಮೇಲೆ ಹೋದವು... ಇನ್ನು ತಾಳಲಾರೆ ಎನ್ನುವಷ್ಟರಲ್ಲಿ ಎಲ್ಲ ಮಷೀನುಗಳೂ ಒಮ್ಮೆಗೇ ನಿಂತವು! ಕಿರಿಕ್... ಕಿರಿಕ್... ಆ ಸಣ್ಣದೊಂದು ಮಾತ್ರ, ಶಿಫ್ಟ್ ಮುಗಿಸಿ ಒಬ್ಬನೇ ಮನೆಗೆ ನಡೆದುಹೋಗುವವನ ಹಾಗೆ, ದೂರ ದೂರ ಹೋಯಿತು.

ನೀಲಾಳ ಕಣ್ಣಿನಿಂದ ಬಳಬಳ ನೀರು ಇಳಿಯಿತು.

'ಇದನ್ನಾ... ಇದನ್ನಾ ನಾನು ಅಳಿಸಿದ್ದು!'

ಆ ಮಧ್ಯಾಹ್ನ ಅವಳು ಆ ಸಿಡಿಯನ್ನು ಇನ್ನೂ ಎರಡು ಸಲ ಕೇಳಿದಳು. ಸಂಜೆಯೊಳಗೆ ಐವತ್ತು ಹೊಸ ಕಾಪಿ ಹೊಡೆದಳು. ಒಂದು ಸದ್ದನ್ನೂ ಮುಟ್ಟದೆ. ಸೋಮವಾರ ಬೆಳಿಗ್ಗೆ ಸಂಡೂರಿನ ಬಸ್ಸು ಹತ್ತಿದಳು. ಹಳೆಯದನ್ನೆಲ್ಲ ವಾಪಸ್ ಪಡೆದು ಹೊಸದು ಕೊಡಬೇಕು. ಅವನ ಸಂಗೀತ ಅವನದೇ ಆಗಿ ಜನರ ಕಿವಿಗೆ ಬೀಳಬೇಕು. ಆಮೇಲೂ ಅವನು ಬಿಡುತ್ತೇನೆ ಅಂದರೆ ಬಿಡಲಿ!

ಆದರೆ ಅಂದುಕೊಂಡಷ್ಟು ಸುಲಭವಿತ್ತೇ?

ವಿಚಾರಿಸಿಕೊಂಡು ಮೊದಲು ಹೋದದ್ದು ಹಂಪಕ್ಕನ ಮನೆಗೆ. ಹೊಸ ಸಿಡಿ ಹಾಕುತ್ತಲೇ ಮಲಗಿದ್ದ ಮೊಮ್ಮಗಳು ಎದ್ದು ಕಿಟಾರನೆ ಕಿರುಚಿತು.

"ಹಳೇದು ಕೊಡಂಗಿಲ್ಲವ್ವಾ! ಬೇಕಿದ್ರ ಬಾಡಿಗಿ ಕಡಿಮಿ ಮಾಡ್ತೀನಿ ಹಾಲೇಶಗ. ಸಿಡಿ ಮಾತ್ರ ಕೇಳಬ್ಯಾಡ," ಎಂದಳು ಹಂಪಕ್ಕ.

ಚಹಾದಂಗಡಿಯ ಪಾಲಪ್ಪ ಪೂರ್ತಿ ಒಂದು ಹಾಡು ಕೇಳಿದ. "ತಲಿನೋವು ಬಂತು. ಆದ್ರ... ಇನ್ನೊಮ್ಮಿ ಹಾಕು ನೋಡೋಣ," ಎಂದು ಇಟ್ಟುಕೊಂಡ. ನೀಲಾಳಿಗೆ ಅಷ್ಟಕ್ಕೇ ಹಾಲು ಕುಡಿದಷ್ಟು ಸಂತೋಷ!

ಅಲ್ಲಿಂದ ವೇಬ್ರಿಡ್ಜ್ ರಸ್ತೆ. ತೂಕಕ್ಕೆ ಕಾಯುತ್ತ ಲಾರಿಗಳು ಸಾಲಾಗಿ ನಿಂತಿದ್ದವು. ಆಗ ಆ ರಸ್ತೆಯಲ್ಲಿ ಲಾರಿ ಸಾಲು ಅಂದರೆ ಒಂದು ತುದಿಯಲ್ಲಿ ನಿಂತರೆ ಇನ್ನೊಂದು ತುದಿ ಕಾಣುತ್ತಿರಲಿಲ್ಲ. ಪಕ್ಕೀರಪ್ಪನ ಲಾರಿ ಹುಡುಕಿ, ಹತ್ತಿ, ಅವನ ಪಕ್ಕದಲ್ಲೇ ಕುಳಿತು ಸಿಡಿ ಹಾಕಿದಳು.

"ಏನಿದು? ನನ್ನ ಕಿವಿ ತೂತು ಮಾಡಾಕ ಬಂದಿಯೇನಬೇ?" ಎಂದ ಪಕ್ಕೀರಪ್ಪ.

"ಅಣ್ಣಾ, ಒಂದ ಸದ್ದು ಹಿಡಕೊಂಡು ಕೇಳ್ರಿ. ಐದು ನಿಮಿಷ. ಆಮ್ಯಾಲ ಬೈರಿ."

ಗೊಣಗುತ್ತಲೇ ಕೇಳಿದ. ಎರಡನೇ ಹಾಡಿಗೆ ಗೊಣಗಾಟ ನಿಂತಿತು. ಸೀಟಿನಿಂದ ಅರ್ಧ ಎದ್ದ.

"ಲೇ... ಇದು ನನ್ನ ಗಾಡಿ! ಘಾಟಿ ಏರುವಾಗ ಸೆಕೆಂಡ್ ಗೇರಿನ್ಯಾಗ ಹಿಂಗ ಅಳತೈತಿ! ಹದಿನಾಲ್ಕು ವರ್ಷ ಕೇಳೀನಿ, ನನಗ ಗೊತ್ತಾಗಂಗಿಲ್ಲೇನು?" ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ: "ಏ ಪಂಪಣ್ಣಾ! ಹಾಲೇಶ ನನ್ನ ಲಾರೀನ ಹಾಡಿನ್ಯಾಗ ಹಾಕ್ಯಾನ ಬಾರೋ!"

ಹಿಂದಿನ ಲಾರಿಯ ಪಂಪಣ್ಣ ಬಂದು ಕೇಳಿದ. "ನಿಂದಲ್ಲ, ನಂದು!" ಎಂದ.

ಮುಗಿಯಿತು! ಆಗಷ್ಟೇ ಎಲ್ಲರೂ ಹೊಸದಾಗಿ ಸಿಡಿ ಪ್ಲೇಯರ್ ಹಾಕಿಸಿದ್ದ ಕಾಲ. ಯಾರ ಲಾರಿ ಯಾವ ಹಾಡಿನಲ್ಲಿದೆ ಎಂದು ನೋಡಲು ಜನ ನಾ ಮುಂದೆ ತಾ ಮುಂದೆ ಎಂದು ಸಿಡಿ ಒಯ್ದರು. "ಇದೇನ್ ಹಾಡೋ, ಹುಚ್ಚಾಸ್ಪತ್ರಿ!" ಎಂದು ಎಸೆದವರೂ ಇದ್ದರು. ಎಸೆದವರನ್ನು ಬೈದವರೂ ಇದ್ದರು. ಅರ್ಧ ಗಂಟೆಯಲ್ಲಿ ಸಾಲಿಗೆ ಸಾಲೇ ಹಾಲೇಶನ 'ಲೋಡ್' ಹಾಕಿತ್ತು. ಒಂದರಲ್ಲಿ ಮೊದಲನೇ ಹಾಡು, ಇನ್ನೊಂದರಲ್ಲಿ ಐದನೆಯದು. ಧಡ್ ಧಡ್, ಕಿರಿಕ್ ಕಿರಿಕ್, ಗುಡ್ಡಕ್ಕೆ ಬಡಿದು ವಾಪಸ್ ಬರುತ್ತಿತ್ತು.

ಪಕ್ಕೀರಪ್ಪನ ಸರದಿ ಬಂತು. ಲಾರಿ ವೇಬ್ರಿಡ್ಜ್ ಮೇಲೆ ಹತ್ತಿತು. ಅವನು ರೂಢಿಯಂತೆ ಕೆಳಗಿಳಿದ. ತೂಕದ ಹೊತ್ತಿಗೆ ಗಾಡಿಯಲ್ಲಿ ಯಾರೂ ಇರಬಾರದು, ಅದು ಅಲ್ಲಿನ ಕಟ್ಟುನಿಟ್ಟು. ನೀಲಾ ಮಾತ್ರ ಕದಲಲಿಲ್ಲ.

ಕಂಬದ ಮೇಲಿನ ಸ್ಪೀಕರ್ ಗೊರಗೊರ ಎಂದಿತು. ಹಾಲೇಶನ ದನಿ!

"ಪಕ್ಕೀರಪ್ಪಣ್ಣ, ಕ್ಯಾಬಿನ್‌ನ್ಯಾಗ ಯಾರೋ ಅದಾರ. ಇಳಸು. ತೂಕ ತಪ್ಪತೈತಿ."

"ನಾ ಇಳಿದೀನಪಾ! ಅವರು ಇಳಿಯವಲ್ರು!"

ನೀಲಾ ಕಿಟಕಿಯಿಂದ ತಲೆ ಹಾಕಿದಳು. ಮುಖ, ಕೂದಲು, ದುಪಟ್ಟಾ ಎಲ್ಲ ಕೆಂಪು ಧೂಳು. "ಇಳಿಯಂಗಿಲ್ರಿ!"

"ನೀ... ನೀವಾ?" ಎಂದಿತು ಸ್ಪೀಕರ್, ಇಡೀ ಯಾರ್ಡಿಗೆ ಕೇಳುವ ಹಾಗೆ.

ಗಾಜಿನ ಕಿಟಕಿಯ ಹಿಂದೆ ಎದ್ದು ನಿಂತವನು ಕಾಣುತ್ತಿದ್ದ. ಆಗಲೇ ಹೊರಗಿನ ಸದ್ದು ಅವನ ಕಿವಿಗೆ ಬಿತ್ತು. ಮಷೀನಿನ ಸದ್ದಲ್ಲ. ತನ್ನದು!

"ಅದು... ಹೊರಗ ಕೇಳಸ್ತಿರೋದು..."

"ನಿಮ್ಮದ ರೀ! ಒಂದ್ ಸದ್ದೂ ತೆಗೆದಿಲ್ಲ!"

"ಎಲ್ಲಾರೂ ನಗಾಕತ್ತಾರೇನು?"

"ಕೆಲವರು ನಕ್ಕರು. ಕೆಲವರು ಬೈದರು. ಉಳಿದೋರು ಯಾವ ಲಾರಿ ಯಾರದು ಅಂತ ಜಗಳ ಆಡಾಕತ್ತಾರ. ಹಂಪಕ್ಕ ಮಾತ್ರ ಹಳೇದನ್ನ ಕೊಡ್ಲಿಲ್ಲ!"

ಸ್ಪೀಕರಿನಲ್ಲಿ ನಗುವೋ ಬಿಕ್ಕೋ ತಿಳಿಯದ ಒಂದು ಸದ್ದು ಬಂತು. ಆಮೇಲೆ ಮೆಲ್ಲಗೆ, "ನಿಮಗ... ನಿಮಗೇನ್ ಅನಿಸ್ತು?"

ನೀಲಾ ಕಿಟಕಿಯಿಂದ ಇನ್ನಷ್ಟು ಹೊರಗೆ ಬಾಗಿದಳು.

"ಮೊದಲು ತಲಿನೋವು ಬಂತು. ಆಮ್ಯಾಲ ಸಿಟ್ಟು ಬಂತು, ನಿಮ್ಮ ಮ್ಯಾಲ. ನಮ್ಮಪ್ಪ ಕೇಳೋದು ಹೆಂಗಂತ ಹೇಳಿಕೊಟ್ಟ ಮ್ಯಾಲ ಅಳು ಬಂತು. ಆಮ್ಯಾಲ ಇನ್ನೊಮ್ಮಿ ಕೇಳಿದೆ..."

"ಆಗ?"

"ಆಗ ಇದನ್ನ ಮಾಡಿದೋರ ಮುಖ ನೋಡಬೇಕು ಅನಿಸ್ತು. ಈಗಿಂದೀಗ. ದಿನಾನೂ. ಅದಕ್ಕ ಬಂದೆ!"

ಕ್ಲೀನರ್‌ಗಳು ಸಿಳ್ಳೆ ಹೊಡೆದರು. ಸ್ಪೀಕರ್ ಮತ್ತೆ ಗೊರಗೊರ ಎಂದಿತು.

"ನೀಲಾ ಅವರೇ... ನಾ ಸಿಟ್ಟಿಲೆ ಹೋದ ಮ್ಯಾಲ ಕುಂತು ವಿಚಾರ ಮಾಡಿದೆ. ನನಗೋಸ್ಕರ ಮೂರು ದಿನ ಅಂಗಡಿ ಕೆಲಸ ಬಿಟ್ಟು ಕುಂತೋರು ನೀವೊಬ್ಬರ. ತಪ್ಪಾಗಿದ್ರೂ ನನ್ನ ಹಾಡು ಹುಡುಕಿದೋರು ನೀವೊಬ್ಬರ. ಹೊಸಪೇಟೆಗೆ ಬರಬೇಕು ಅಂತ ದಿನಾ ಬಸ್ ಸ್ಟಾಪಿನ್ಯಾಗ ನಿಂದ್ರತಿದ್ದೆ. ಯಾವ ಮುಖ ಹೊತ್ತು ಬರಲಿ ಅಂತ ವಾಪಸ್ ಹೋಗ್ತಿದ್ದೆ. ನನಗ ನೀವಂದ್ರ... ನನಗ ನೀವು ಬೇಕ್ರಿ!"

"ಹಾಲೇಶಾ!" ಕೆಳಗಿನಿಂದ ಪಕ್ಕೀರಪ್ಪ ಕೂಗಿದ. "ಮೈಕ್ ಬಂದ್ ಮಾಡೋ ಮಾರಾಯ! ತೋರಣಗಲ್ಲಿಗೂ ಕೇಳಸ್ತು!"

ಮರುಕ್ಷಣ ಸಾಲಿನ ಹಾರ್ನುಗಳೆಲ್ಲ ಒಟ್ಟಿಗೆ ಮೊಳಗಿದವು. ಹಾಲೇಶ್ ಮೈಕ್ ಕೂಡ ಆರಿಸದೆ ಮೆಟ್ಟಿಲಿಳಿದು ಓಡಿಬಂದ. ನೀಲಾ ಲಾರಿಯಿಂದ ಇಳಿಯಲು ಕಾಲು ಚಾಚಿದಳು. ಅವನು ಕೈ ಕೊಟ್ಟ. ಇಳಿದ ಮೇಲೂ ಆ ಕೈ ಬಿಡಲಿಲ್ಲ. ಅವಳೂ ಬಿಡಿಸಿಕೊಳ್ಳಲಿಲ್ಲ.

"ಮುಂದಿಂದು ಯಾವಾಗ ಮಾಡ್ತೀರಿ?" ಕೇಳಿದಳು ನೀಲಾ.

"ನೀವು ಪಕ್ಕದಾಗ ಕುಂತರ, ಇವತ್ತಿಂದನ."

"ನಾ ಕುಂತರ ಸುಮ್ನಿರಂಗಿಲ್ಲ. ಬೈತೀನಿ. ಈಗ ಹೇಳೇಬಿಡ್ತೀನಿ, ನಿಮ್ಮ ಏಳನೇ ಹಾಡು ನನಗ ಒಂಚೂರೂ ಸೇರಿಲ್ಲ."

ಹಾಲೇಶನ ಮುಖ ನಗುವಿನಿಂದ ಅರಳಿತು. "ಹೌದೇನ್ರಿ? ಹಂಗಾದ್ರ ಅಳಿಸಿಬಿಡ್ಲಾ?"

"ಮುಟ್ಟಿದ್ರ ನೋಡ್ರಿ!" ಎಂದಳು ನೀಲಾ, ಅವನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು. "ಸೇರೋತನಕ ಕೇಳ್ತೀನಿ."

"ಸೇರದಿದ್ರ?"

"ಮುದುಕಿ ಆಗೋತನಕ ಕೇಳ್ತೀನಿ."